ಟ್ರಂಕಿನೊಳಗಿನ ಹಿತ್ತಾಳೆ ಬಿಲ್ಲೆ

ಇತಿಹಾಸ ಎಂದಕೂಡಲೇ ನಮ್ಮ ಆಡೂರಿನವರಿಗೆ ನೆನಪಾಗುವುದು ಊರಿನ ಚಾಲುಕ್ಯರ ಕಾಲದ ಶಾಸನ. ಕಲ್ಲಿನಲ್ಲಿ ಕೊರೆದದ್ದು ಸಾವಿರ ವರ್ಷ ದಾಟಿಯೂ ಉಳಿಯಿತು. ಮನೆಯ ಟ್ರಂಕಿನಲ್ಲಿರುವ ಇತಿಹಾಸ ಮಾತ್ರ ಮೂರು ತಲೆಮಾರು ದಾಟುವುದೂ ಕಷ್ಟ. ನಮ್ಮ ಅಜ್ಜನ ಟೊಪ್ಪಿಗೆಯ ಹಿತ್ತಾಳೆ ಬಿಲ್ಲೆ ಅಂಥದೊಂದು ವಸ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಜ್ಜ ಬೆಳಗಾವಿಗೆ ಹೋಗಿ ಮರಾಠಾ ಪಲ್ಟಣಕ್ಕೆ ಸೇರಿದರು. ಆಗ ನಮ್ಮ ಹಾನಗಲ್ಲ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಈ ಪಲ್ಟಣದ ಮೊದಲ ತುಕಡಿ ಹುಟ್ಟಿದ್ದು 1768ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ. ಅಫ್ಘನ್ ಯುದ್ಧದ ಸೇವೆಗಾಗಿ 1841ರಲ್ಲಿ ಇದರ ಕೆಲವು ತುಕಡಿಗಳಿಗೆ ‘ಲೈಟ್ ಇನ್‌ಫೆಂಟ್ರಿ’ ಎಂಬ ಗೌರವ ಬಂತು. 1922ರಲ್ಲಿ ಹಲವು ತುಕಡಿಗಳು ಒಂದಾಗಿ ಐದನೇ ಮರಾಠಾ ಲೈಟ್ ಇನ್‌ಫೆಂಟ್ರಿ ಆಯಿತು. ಬೆಳಗಾವಿ ಅದರ ತರಬೇತಿ ಕೇಂದ್ರವಾಯಿತು. ಇಟಲಿಯ ಯುದ್ಧದಲ್ಲಿ ಈ ಪಲ್ಟಣದ ಯಶವಂತ ಘಾಡ್ಗೆ 1944ರಲ್ಲಿ, ನಾಮದೇವ ಜಾಧವ 1945ರಲ್ಲಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಸಂದಿತು. ಘಾಡ್ಗೆಯವರು ಆ ಕಾಳಗದಲ್ಲಿಯೇ ಮಡಿದರು.

ಅಜ್ಜನ ಬಿಲ್ಲೆಯ ಮೇಲೆ ಕಹಳೆಯಿದೆ. ಚುರುಕಾಗಿ ಮುನ್ನುಗ್ಗುವ ಲೈಟ್ ಇನ್‌ಫೆಂಟ್ರಿಯವರಿಗೆ ಕಹಳೆಯ ದನಿಯೇ ಆಜ್ಞೆ. ಕಹಳೆಯ ಮೇಲೆ ಬ್ರಿಟಿಷ್ ಅರಸನ ಕಿರೀಟ. 1950ರಲ್ಲಿ ಭಾರತ ಗಣರಾಜ್ಯವಾದ ಮೇಲೆ ಸೈನ್ಯದ ಲಾಂಛನಗಳಲ್ಲಿ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಆದ್ದರಿಂದ ಕಿರೀಟವೋ ಸಿಂಹವೋ ಎಂಬುದನ್ನು ನೋಡಿಯೇ ಹಳೆಯ ಬಿಲ್ಲೆಯ ಕಾಲವನ್ನು ಅಂದಾಜು ಮಾಡಬಹುದು.

ಪ್ರತಿ ವರ್ಷ ಖಂಡೇಪೂಜೆಗೆ ಅವ್ವ ಇದನ್ನು ತಂಬಿಗೆ, ಸಮೆಗಳ ಜೊತೆಗೇ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಎಂಟನೇ ಇಯತ್ತೆಯಲ್ಲಿದ್ದಾಗ ಗುರುಗಳಿಗೆ ತೋರಿಸಬೇಕೆಂದು ನಾನೂ ಅದು ಫಳಫಳ ಹೊಳೆಯುವವರೆಗೆ ತಿಕ್ಕಿ ಶಾಲೆಗೆ ತಂದಿದ್ದೆ. ಗುರುಗಳು ಕೈಯಲ್ಲಿ ಹಿಡಿದು, “ಇಲ್ಲೇನು ಬರದದಪಾ?” ಎಂದು ಕೇಳಿದರು. ಕೆಳಗಿನ ಪಟ್ಟಿಯ ಅಕ್ಷರಗಳು ಸವೆದುಹೋಗಿದ್ದವು. ನನಗೆ ಓದಲಾಗಲಿಲ್ಲ.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿ ಹೆಚ್ಚು ಹೊತ್ತು ನಿಂತರೆ ಸತು ಕರಗಿ ತಾಮ್ರದ ಕೆಂಪು ಕಲೆ ಮೂಡುತ್ತದೆ. ಬೂದಿ ಉಬ್ಬಿದ ಅಕ್ಷರಗಳನ್ನೇ ಮೊದಲು ಸವೆಸುತ್ತದೆ. ಇದನ್ನು ನನಗೆ ತಿಳಿಸಿದವರು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದ ಗೆಳೆಯರೊಬ್ಬರು. ಅವರು ಹೇಳಿದಂತೆ ಬಿಲ್ಲೆಯನ್ನು ಮೆದು ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಸಂದಿಯ ಹಸಿರು ಕಿಲುಬನ್ನು ಬಿದಿರಿನ ಕಡ್ಡಿಯಿಂದ ಬಿಡಿಸಿ, ಪೂರ್ತಿ ಒಣಗಿಸಿ, ತೆಳುವಾಗಿ ಮೇಣ ಸವರಿದೆ. ಕಂದು ಬಣ್ಣವನ್ನು ಹಾಗೆಯೇ ಬಿಟ್ಟೆ. ಓರೆಯಾಗಿ ಬೆಳಕು ಬಿಟ್ಟು ನೋಡಿದಾಗ ಎರಡು ಅಕ್ಷರಗಳಷ್ಟೇ ಕಂಡವು. ಉಳಿದವನ್ನು ಹೊಸದಾಗಿ ಕೊರೆಸಬಹುದೆಂದು ಅಕ್ಕಸಾಲಿಗರು ಹೇಳಿದರು. ನಾನು ಬೇಡವೆಂದೆ, ಕೊರೆಸಿದರೆ ಅವು ಅಜ್ಜ ತೊಟ್ಟ ಅಕ್ಷರಗಳಾಗುವುದಿಲ್ಲ.

ಈ ಶಾಲೆಯಲ್ಲಿ ಕಲಿತವರ ಮನೆಗಳಲ್ಲಿಯೂ ಇಂಥ ಬಿಲ್ಲೆ, ಪದಕ, ಪಿಂಚಣಿ ಪುಸ್ತಕಗಳು ಇರಬಹುದು. ಅವನ್ನು ತಿಕ್ಕಬೇಡಿ, ಮೋಡಕಾ ಸಾಮಾನಿನವನಿಗೆ ಹಾಕಬೇಡಿ. ಮನೆಯ ಹಿರಿಯರು ಇರುವಾಗಲೇ ಅದು ಯಾರದು, ಎಲ್ಲಿಯದು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನಾನು ಅಜ್ಜನನ್ನು ಕೇಳಲಿಲ್ಲ.