ಅಜ್ಜಿಯ ಹೆಸರು ಯಾವ ಪುಸ್ತಕದಲ್ಲಿದೆ?

ಕುಟುಂಬದ ಚರಿತ್ರೆ ಹುಡುಕುವ ಕಾಸರಗೋಡಿನ ಬ್ಯಾರಿಗಳು ಮೊದಲು ನೆನಪಿಡಬೇಕಾದ ದಿನ 1956 ನವೆಂಬರ್ 1. ಅಲ್ಲಿಯವರೆಗೆ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಳೆಯ ಜಮೀನು ಪತ್ರಗಳು ಹೆಚ್ಚಾಗಿ ಕನ್ನಡದಲ್ಲಿವೆ.

ಮನೆಯಲ್ಲಿ ಪತ್ರ ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿ ಪತ್ರಗಳ ನಕಲು 1ನೇ ಪುಸ್ತಕದಲ್ಲಿರುತ್ತದೆ. ಅದಕ್ಕೆ ಎರಡು ಸೂಚಿಗಳು: ಒಂದು ಹೆಸರಿನದ್ದು, ಇನ್ನೊಂದು ಆಸ್ತಿಯದ್ದು. ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮುಖ್ಯವಾಗಿ ಪಾಲುಪಟ್ಟಿ ಹುಡುಕಿ. ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಪಾಲು ಇರುವುದರಿಂದ, ಬೇರೆಲ್ಲೂ ಬರೆದಿಡದ ಅಜ್ಜಿಯಂದಿರ ಹೆಸರು ಅಲ್ಲಿ ಸಿಗುತ್ತದೆ.

ನಂತರ ಜಮಾಅತಿನ ನಿಕಾಹ್ ಪುಸ್ತಕ. ಮದುಮಗಳು, ವಲಿ, ಮಹರ್, ಸಾಕ್ಷಿಗಳು ಎಲ್ಲವೂ ಅದರಲ್ಲಿರುತ್ತವೆ. ಅಂಗಡಿಯವರ ಮಕ್ಕಳಾದ ನಾವು ಹಳೆಯ ಕಡದ ಪುಸ್ತಕವನ್ನೂ ಬಿಸಾಡಬಾರದು. ಯಾರ ಮನೆ ಎಲ್ಲಿತ್ತು ಎಂದು ಅದು ಹೇಳುತ್ತದೆ.

ಮಲಯಾಳದಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಹಳೆಯ ಕನ್ನಡ ಕೈಬರಹ ಓದಲು ಬರುವುದಿಲ್ಲ. ಅರಬಿ-ಮಲಯಾಳ ಲಿಪಿ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಪತ್ರಗಳ ಫೋಟೋ ತೆಗೆದಿಟ್ಟರೆ ಸಾಲದು. ಓದಬಲ್ಲ ಹಿರಿಯರ ಬಳಿ ಈ ವರ್ಷವೇ ಓದಿಸಿ, ಅವರ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.