ಟ್ವಿಸ್ಟೆಡ್ (ಗೋವಾ ಟ್ರಾನ್ಸ್ ಆಲ್ಬಂ)

ಬ್ರಿಟನ್ನಿನ ಸಂಗೀತಗಾರ ಸೈಮನ್ ಪೋಸ್ಫರ್ಡ್ ‘ಹ್ಯಾಲುಸಿನೋಜೆನ್’ ಎಂಬ ಹೆಸರಿನಲ್ಲಿ ಹೊರತಂದ ಮೊದಲ ಆಲ್ಬಂ ಟ್ವಿಸ್ಟೆಡ್. 1995ರಲ್ಲಿ ಲಂಡನ್ನಿನ ಡ್ರ್ಯಾಗನ್‌ಫ್ಲೈ ರೆಕಾರ್ಡ್ಸ್ ಸಂಸ್ಥೆ ಇದನ್ನು ಬಿಡುಗಡೆ ಮಾಡಿತು. ಎಂಟು ಟ್ರ್ಯಾಕ್‌ಗಳಿರುವ, ಒಂದು ಗಂಟೆಗೂ ಮೀರಿದ ಈ ಆಲ್ಬಂ ಗೋವಾ ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಅತಿ ಮುಖ್ಯ ಕೃತಿಗಳಲ್ಲೊಂದು. ಗೋವಾದ ಡಿಜೆಗಳು ಪರರ ಹಾಡುಗಳನ್ನು ಕತ್ತರಿಸಿ ಜೋಡಿಸಿ ವರ್ಷಗಟ್ಟಲೆ ಹುಡುಕುತ್ತಿದ್ದ ನಾದ ಇಲ್ಲಿ ಸ್ವಂತ ರಚನೆಯಾಗಿ ಸಿಕ್ಕಿತು. ಅದೇ ಇದರ ಹೆಚ್ಚುಗಾರಿಕೆ.

ಆ ಹುಡುಕಾಟದ ಕಥೆ ಶುರುವಾಗುವುದು ಉತ್ತರ ಗೋವಾದ ಕಡಲ ದಂಡೆಯಲ್ಲಿ. 1961ರಲ್ಲಿ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಯಿತು. ಅರವತ್ತರ ದಶಕದ ಕೊನೆಗೆ ಯುರೋಪ್, ಅಮೆರಿಕಗಳ ಹಿಪ್ಪಿಗಳು ಕಲಂಗುಟ್, ಬಾಗಾ, ಅಂಜುಣಾ ಊರುಗಳಲ್ಲಿ ಬಾಡಿಗೆಗೆ ಮನೆ ಹಿಡಿದು ಚಳಿಗಾಲ ಕಳೆಯತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೊದಿಂದ 1970ರಲ್ಲಿ ಬಂದ ಗಿಲ್ಬರ್ಟ್ ಲೆವಿ ಅವರಲ್ಲೊಬ್ಬ. ಮುಂದೆ ‘ಗೋವಾ ಗಿಲ್’ ಎಂದೇ ಹೆಸರಾದ ಆತ 2023ರಲ್ಲಿ ತೀರಿಕೊಳ್ಳುವ ತನಕ ಈ ಪರಂಪರೆಯ ಹಿರಿಯನಾಗಿ ಉಳಿದಿದ್ದ. ಮೊದಮೊದಲು ಹುಣ್ಣಿಮೆ ರಾತ್ರಿಗಳಲ್ಲಿ ಕೇಳುತ್ತಿದ್ದದ್ದು ಗಿಟಾರು, ಡ್ರಮ್ಮುಗಳ ರಾಕ್ ಸಂಗೀತ. ಎಂಬತ್ತರ ದಶಕದ ಮೊದಲ ಭಾಗದಲ್ಲಿ ಫ್ರೆಡ್ ಡಿಸ್ಕೊ, ಲೊರಾನ್ ಎಂಬ ಡಿಜೆಗಳು ಎಲೆಕ್ಟ್ರಾನಿಕ್ ಸಂಗೀತ ನುಡಿಸತೊಡಗಿದರು. ಹಳಬರು ಗೊಣಗಿದರು. ಆದರೆ ಕೆಲವೇ ವರ್ಷಗಳಲ್ಲಿ ರಾಕ್ ಹಿಂದೆ ಸರಿಯಿತು.

ಈ ಡಿಜೆಗಳ ಕೆಲಸದ ರೀತಿಯೇ ಬೇರೆಯಾಗಿತ್ತು. ಯುರೋಪಿನ ಇಂಡಸ್ಟ್ರಿಯಲ್, ನ್ಯೂ ಬೀಟ್, ಎಲೆಕ್ಟ್ರೊ ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವಾಗ ಗಾಯನದ ಭಾಗವನ್ನು ಕಿತ್ತುಹಾಕುತ್ತಿದ್ದರು. ವಾದ್ಯದ ಭಾಗ ಎಲ್ಲಿ ವಿಚಿತ್ರವಾಗಿ ಕೇಳುತ್ತದೋ ಅಷ್ಟನ್ನೇ ಉಳಿಸಿ, ಅದನ್ನೇ ಮತ್ತೆ ಮತ್ತೆ ಜೋಡಿಸಿ ಉದ್ದ ಮಾಡುತ್ತಿದ್ದರು. ರಾತ್ರಿಯಿಡೀ ಕುಣಿಯುವವರಿಗೆ ಮಾತು ಬೇಡವಾಗಿತ್ತು. ನಿಲ್ಲದೆ ಹರಿಯುವ ಲಯ, ಅದರ ಮೇಲೆ ರೂಪ ಬದಲಿಸುತ್ತ ಹೋಗುವ ನಾದ ಬೇಕಿತ್ತು. ಕುಣಿಯುವ ಜಾಗದ ಸುತ್ತ ಊರಿನ ಹೆಂಗಸರು ಚಾಪೆ ಹಾಸಿ, ಸೀಮೆಎಣ್ಣೆ ದೀಪ ಹಚ್ಚಿ, ಚಹಾ ಆಮ್ಲೆಟ್ಟು ಮಾರುತ್ತಿದ್ದರು. ಸುಸ್ತಾದವರು ಆ ಚಾಪೆಗಳ ಮೇಲೆ ಒರಗಿ ಕೇಳುತ್ತಿದ್ದರು. ಕುಣಿಯುವುದರ ಜತೆಗೆ ಹೀಗೆ ಕೂತು ಆಲಿಸುವ ರೂಢಿಯೂ ಬೆಳೆದದ್ದರಿಂದಲೇ ಈ ಸಂಗೀತಕ್ಕೆ ಡಿಸ್ಕೊಗಳ ಸಂಗೀತದಲ್ಲಿ ಸಿಗದ ಸೂಕ್ಷ್ಮ ಬಂದಿತೆನ್ನಬೇಕು. ಆ ಚಾಪೆಯ ಹೆಂಗಸರಿಗೆ ಈ ಇತಿಹಾಸದಲ್ಲಿ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಬಿಸಿಲಿಗೆ ವಿನೈಲ್ ತಟ್ಟೆಗಳು ಸೊಟ್ಟಗಾಗುತ್ತಿದ್ದವು. ಧೂಳು, ಉಪ್ಪುಗಾಳಿಯ ಕಾಟ ಬೇರೆ. 1987ರಲ್ಲಿ ಬಂದ ಡ್ಯಾಟ್ ಎಂಬ ಪುಟ್ಟ ಡಿಜಿಟಲ್ ಟೇಪು ಹೀಗಾಗಿ ಗೋವಾದ ಮುಖ್ಯ ಸಾಧನವಾಯಿತು. ಕಲಾವಿದರು ಇನ್ನೂ ಬಿಡುಗಡೆಯಾಗದ ರಚನೆಗಳನ್ನು ಡ್ಯಾಟ್‌ನಲ್ಲಿ ತಂದು ಪರಸ್ಪರ ಹಂಚಿಕೊಳ್ಳುತ್ತಿದ್ದರು. ಸಾಮಾನ್ಯ ಡ್ಯಾಟ್ ಯಂತ್ರದಲ್ಲಿ ವೇಗ ಏರಿಸಿ ಇಳಿಸಿ ಎರಡು ಹಾಡುಗಳ ತಾಳ ಕೂಡಿಸುವ ಸೌಲಭ್ಯ ಇರಲಿಲ್ಲ. ಆದ್ದರಿಂದ ಟ್ರ್ಯಾಕ್‌ಗಳು ತಾಳವಿಲ್ಲದ ಮಂದ ನಾದದಲ್ಲಿ ಶುರುವಾಗಿ ಅಂಥದೇ ನಾದದಲ್ಲಿ ಮುಗಿಯುತ್ತಿದ್ದವು. ಒಂದರ ಕೊನೆಗೆ ಇನ್ನೊಂದರ ಮೊದಲನ್ನು ಹೊಂದಿಸಿದರೆ ಸಾಕಿತ್ತು. ಗೋವಾ ಟ್ರಾನ್ಸ್‌ನ ಎಂಟು, ಒಂಬತ್ತು ನಿಮಿಷದ ನಿಧಾನವಾದ ಕಟ್ಟಣೆಯ ಹಿಂದೆ ಈ ಯಂತ್ರದ ಮಿತಿಯೂ ಇದೆ.

ತೊಂಬತ್ತರ ದಶಕದ ಆರಂಭದಲ್ಲಿ ಈ ನಾದ ಲಂಡನ್ನಿಗೆ ಹೋಯಿತು. ಕಿಲ್ಲಿಂಗ್ ಜೋಕ್ ವಾದ್ಯವೃಂದದ ಬೇಸ್ ವಾದಕ ಮಾರ್ಟಿನ್ ಗ್ಲೋವರ್, ಅಂದರೆ ‘ಯೂತ್’, ಗೋವಾದಲ್ಲಿ ಕೇಳಿದ್ದನ್ನು ಪ್ರಕಟಿಸಲೆಂದೇ ತನ್ನ ಬಟರ್‌ಫ್ಲೈ ಸಂಸ್ಥೆಯಡಿ ಡ್ರ್ಯಾಗನ್‌ಫ್ಲೈ ರೆಕಾರ್ಡ್ಸ್ ಶುರುಮಾಡಿದ. 1993ರ ‘ಪ್ರಾಜೆಕ್ಟ್ 2 ಟ್ರಾನ್ಸ್’ ಸಂಕಲನ ಅದರ ಮೊದಲ ಹೆಜ್ಜೆಗಳಲ್ಲೊಂದು. ಬೆನ್ನಿಗೇ ಟಿಪ್, ಫ್ಲೈಯಿಂಗ್ ರೈನೊ, ಬ್ಲೂ ರೂಮ್, ಮತ್ಸುರಿ ಮುಂತಾದ ಪ್ರಕಾಶನಗಳು ಬಂದವು. 1994ರ ಡಿಸೆಂಬರಿನಲ್ಲಿ ಪಾಲ್ ಓಕನ್‌ಫೋಲ್ಡ್ ಬಿಬಿಸಿ ರೇಡಿಯೊ 1ರಲ್ಲಿ ‘ಗೋವಾ ಮಿಕ್ಸ್’ ಪ್ರಸಾರ ಮಾಡಿದ ಮೇಲಂತೂ ಅಂಜುಣಾ ನೋಡದವರಿಗೂ ಈ ಹೆಸರು ಗೊತ್ತಾಯಿತು.

1971ರಲ್ಲಿ ಹುಟ್ಟಿದ ಪೋಸ್ಫರ್ಡ್ ಹದಿಹರೆಯ ದಾಟುತ್ತಿದ್ದಂತೆಯೇ ಯೂತ್‌ನ ಬಟರ್‌ಫ್ಲೈ ಸ್ಟುಡಿಯೊದಲ್ಲಿ ಧ್ವನಿ ಎಂಜಿನಿಯರ್ ಆಗಿ ಸೇರಿದ್ದ. ಟ್ರಾನ್ಸ್ ಮಾಡಲು ಬಂದವರಲ್ಲಿ ಅನೇಕರಿಗೆ ಯಂತ್ರಗಳ ಮೇಲೆ ಹಿಡಿತ ಇರಲಿಲ್ಲ. ಅವರ ಕಲ್ಪನೆಯನ್ನು ಕೇಳುವ ರೂಪಕ್ಕೆ ತರುವುದು ಎಂಜಿನಿಯರನ ಪಾಲಿಗೆ ಬರುತ್ತಿತ್ತು. ಈ ಸಂಗೀತದ ಒಳಗುಟ್ಟುಗಳು ಅವನ ಕೈಗೆ ಹತ್ತಿದ್ದು ಹಾಗೆ. ಸ್ವಂತಕ್ಕಾಗಿ ಮಾಡಿದ ‘ಆಲ್ಫಾ ಸೆಂಟಾರಿ’, ‘ಎಲ್‌ಎಸ್‌ಡಿ’ ಟ್ರ್ಯಾಕ್‌ಗಳು ಆಲ್ಬಮ್ಮಿಗೂ ಮೊದಲೇ ಡಿಜೆಗಳ ನಡುವೆ ಹರಡಿದ್ದವು.

ಟ್ವಿಸ್ಟೆಡ್‌ನ ನಾದವನ್ನು ಕೇಳುಗರು ‘ಹಸಿ’ ಎನ್ನುತ್ತಾರೆ. ಅದು ಒರಟಾಗಿದೆ, ನಯಗೊಳಿಸದೆ ಬಿಟ್ಟಿದ್ದಾರೆ ಎಂಬ ಅರ್ಥದಲ್ಲಲ್ಲ. ರಚನೆಯಲ್ಲಿ ಅಪಾರ ಕಸೂತಿ ಇದೆ. ಮನುಷ್ಯನ ಕೈ ಯಂತ್ರದ ಗುಂಡಿ ತಿರುಗಿಸುತ್ತಿರುವುದು ಕಿವಿಗೆ ಬೀಳುತ್ತದೆ ಎಂಬುದು ಆ ಮಾತಿನ ತಿರುಳು. ಈ ಪ್ರಕಾರಕ್ಕೆ ಮೂಲವಾದ ರೋಲಂಡ್ ಟಿಬಿ-303 ಯಂತ್ರವನ್ನೇ ನೋಡಬಹುದು. ಒಂಟಿ ಗಿಟಾರ್ ವಾದಕರಿಗೆ ಬೇಸ್ ಸಾಥಿಯಾಗಲೆಂದು 1981ರಲ್ಲಿ ಜಪಾನಿನಲ್ಲಿ ಮಾಡಿದ, ಮಾರಾಟವಾಗದೆ 1984ಕ್ಕೆ ನಿಂತುಹೋದ ಪುಟ್ಟ ಪೆಟ್ಟಿಗೆ ಅದು. ಮೇಲುಗಡೆ ಸಾಲಾಗಿ ಆರು ಗುಂಡಿಗಳು: ಶ್ರುತಿಗೊಂದು, ನಾದದ ಉಪಸ್ವರಗಳನ್ನು ಸೋಸುವ ಫಿಲ್ಟರ್ ಎಷ್ಟು ತೆರೆಯಬೇಕೆಂಬುದಕ್ಕೊಂದು, ಅನುರಣನಕ್ಕೊಂದು, ಪ್ರತಿ ಸ್ವರದ ಜತೆ ಫಿಲ್ಟರ್ ಎಷ್ಟು ಹಾರಬೇಕೆಂಬುದಕ್ಕೊಂದು, ಅದು ಎಷ್ಟು ಬೇಗ ಇಳಿಯಬೇಕೆಂಬುದಕ್ಕೊಂದು, ಒತ್ತಿಗೊಂದು. ಷಿಕಾಗೊದ ಫ್ಯೂಚರ್ ತಂಡದವರು ಸ್ವರಗಳನ್ನು ಬದಲಿಸದೆ ಬರೀ ಗುಂಡಿಗಳನ್ನು ತಿರುಗಿಸುತ್ತ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಹೊರತಂದಾಗ ಈ ಪೆಟ್ಟಿಗೆಯ ನಿಜವಾದ ಬಾಳು ಶುರುವಾಯಿತು.

ಮೋರ್ಸಿಂಗ್ ಬಲ್ಲವರಿಗೆ ಈ ಫಿಲ್ಟರಿನ ಕೆಲಸ ಸುಲಭವಾಗಿ ಅರ್ಥವಾದೀತು. ಮೋರ್ಸಿಂಗಿನ ನಾಲಗೆ ಹೊರಡಿಸುವ ಮೂಲ ಶ್ರುತಿ ಒಂದೇ. ವಾದಕ ಬಾಯಿಯ ಒಳಗಿನ ಜಾಗವನ್ನು ಹಿಗ್ಗಿಸಿ ಕುಗ್ಗಿಸಿದಂತೆ ಅದರ ಬೇರೆ ಬೇರೆ ಉಪಸ್ವರಗಳು ಎದ್ದು ಕೇಳುತ್ತವೆ. ಅನುರಣನ ಏರಿಸಿದ ಫಿಲ್ಟರನ್ನು ನಿಧಾನವಾಗಿ ತೆರೆದಾಗ ಆಗುವುದೂ ಅದೇ. ಟ್ವಿಸ್ಟೆಡ್‌ನಲ್ಲಿ ಇಂಥ ಹಲವು ಸಾಲುಗಳು ಏಕಕಾಲಕ್ಕೆ ಓಡುತ್ತವೆ. ಗತಿ ನಿಮಿಷಕ್ಕೆ ಸುಮಾರು 140ರಿಂದ 150 ಬಡಿತ. 145 ಎಂದು ಹಿಡಿದರೆ, ಬಡಿತಕ್ಕೆ ನಾಲ್ಕು ಸ್ವರದಂತೆ ಸೆಕೆಂಡಿಗೆ ಒಂಬತ್ತಕ್ಕೂ ಹೆಚ್ಚು ಸ್ವರ. ಅಷ್ಟು ವೇಗದಲ್ಲಿ ಕಿವಿ ಸ್ವರಗಳನ್ನು ಬಿಡಿಬಿಡಿಯಾಗಿ ಎಣಿಸುವುದಿಲ್ಲ. ಅವುಗಳ ಬಣ್ಣ ಬದಲಾಗುವುದನ್ನು ಹಿಂಬಾಲಿಸುತ್ತದೆ. ಪೋಸ್ಫರ್ಡನ ಜಾಣ್ಮೆ ಇರುವುದು ಇಲ್ಲೇ. ಒಂದೇ ಸಾಲು ಇದ್ದ ಹಾಗೆ ಎರಡು ಸಲ ಬರುವುದು ಅಪರೂಪ. ಒಂದು ನಾದ ಮಾಗುವ ಮೊದಲೇ ಮತ್ತೊಂದು ಅದರ ಬಗಲಲ್ಲಿ ಮೊಳೆಯುತ್ತದೆ, ತಾಳ ಥಟ್ಟನೆ ನಿಂತು ತುಸು ಉಸಿರು ಬಿಟ್ಟು ಮತ್ತೆ ಬೀಳುತ್ತದೆ.

ಆ ಕಾಲದ ಸ್ಟುಡಿಯೊದಲ್ಲಿ ಅಟಾರಿ ಎಸ್‌ಟಿಯಂಥ ಕಂಪ್ಯೂಟರ್ ಸ್ವರಗಳ ಕ್ರಮವನ್ನಷ್ಟೇ ನೆನಪಿಟ್ಟುಕೊಂಡು ಸಿಂಥಸೈಜರುಗಳಿಗೆ ಕಳಿಸುತ್ತಿತ್ತು. ನಾದವೆಲ್ಲ ಮಿಕ್ಸಿಂಗ್ ಮೇಜಿನ ಮೂಲಕ ಹಾದು ನೇರ ಡ್ಯಾಟ್‌ಗೆ ಇಳಿಯುತ್ತಿತ್ತು. ಫಿಲ್ಟರ್, ಪ್ರತಿಧ್ವನಿ, ಏರಿಳಿತಗಳನ್ನು ಟೇಪು ಓಡುತ್ತಿರುವಾಗಲೇ ಕೈಯಾರೆ ಆಡಿಸಬೇಕು. ಮೇಜನ್ನು ಬೇರೆ ಕೆಲಸಕ್ಕೆ ಬದಲಿಸಿದರೆ ಅದೇ ಮಿಶ್ರಣ ಮತ್ತೆ ಸಿಗುವುದು ಕಷ್ಟ. ಇವತ್ತು ಇಡೀ ರಚನೆ ಲ್ಯಾಪ್‌ಟಾಪಿನೊಳಗೇ ಇರುತ್ತದೆ, ಯಾವ ಚಲನೆಯನ್ನಾದರೂ ತಿದ್ದಬಹುದು. ಗೋವಾ ಟ್ರಾನ್ಸ್‌ನಿಂದ ಮುಂದೆ ಬೆಳೆದ ಸೈಟ್ರಾನ್ಸ್ (ಸೈಕೆಡೆಲಿಕ್ ಟ್ರಾನ್ಸ್) ಹೆಚ್ಚು ಶುಭ್ರವಾಗಿರುವುದಕ್ಕೂ ಎಷ್ಟೋ ಸಲ ಹೆಚ್ಚು ತಣ್ಣಗಿರುವುದಕ್ಕೂ ಇದು ಕಾರಣ.

ಸ್ವರಗಳ ಆಯ್ಕೆಯ ಬಗ್ಗೆ ಒಂದು ಮಾತು. ಗೋವಾ ಟ್ರಾನ್ಸ್ ಫ್ರಿಜಿಯನ್ ಮತ್ತು ಅದರ ರೂಪಾಂತರಗಳನ್ನು ಬಹಳ ಬಳಸುತ್ತದೆ. ಇದರಲ್ಲಿ ಷಡ್ಜಕ್ಕೆ ಅಂಟಿಕೊಂಡೇ ಶುದ್ಧ ರಿಷಭ ಇರುತ್ತದೆ. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಫ್ರಿಜಿಯನ್ನಿನ ಸ್ವರಗಳು ಹನುಮತೋಡಿ ಮೇಳದವು. ಗಾಂಧಾರವನ್ನು ಅಂತರಕ್ಕೆ ಏರಿಸಿದರೆ ವಕುಳಾಭರಣ. ಹಿಂದೂಸ್ತಾನಿ ರೂಢಿಯ ಧಾರವಾಡದ ಕಡೆಯವರು ಮೊದಲನೆಯದನ್ನು ಭೈರವಿ ಥಾಟಿನ ಸ್ವರಗಳೆಂದು ಗುರುತಿಸುತ್ತಾರೆ. ಹಾಗೆಂದು ಇದನ್ನು ರಾಗಸಂಗೀತ ಎನ್ನಲಾಗದು. ಗಮಕವಿಲ್ಲ, ಸಂಚಾರದ ಕಟ್ಟುಪಾಡಿಲ್ಲ. ರಾಗದಲ್ಲಿ ಗಮಕ ಮಾಡುವ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಫಿಲ್ಟರ್ ಮಾಡುತ್ತದೆ. ಆದರೂ ನಮ್ಮ ಕಿವಿಗೆ ಈ ಸಂಗೀತ ಪೂರ್ತಿ ಪರಕೀಯವೆನಿಸದಿರಲು ಈ ರಿಷಭವೇ ಸಾಕು.

ಮೊದಲ ಟ್ರ್ಯಾಕ್ ‘ಎಲ್‌ಎಸ್‌ಡಿ’ ಇಡೀ ಪ್ರಕಾರದಲ್ಲೇ ಅತಿ ಹೆಚ್ಚು ಗುರುತು ಸಿಗುವ ರಚನೆ. ಅದರ ಹೆಸರನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. 1938ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ತಯಾರಿಸಿದ, ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ನಿಷೇಧವಿರುವ ಆ ಪದಾರ್ಥ ಗೋವಾದ ಕೂಟಗಳ ಭಾಗವಾಗಿತ್ತು. ಈ ಸಂಗೀತಕ್ಕೆ ‘ಸೈಕೆಡೆಲಿಕ್’ ಎಂಬ ವಿಶೇಷಣ ಅಂಟಿದ್ದು ಆ ನಂಟಿನಿಂದಲೇ. ಅದರ ಹಂಗಿಲ್ಲದೆ ಕೇಳಿದರೂ ಟ್ರ್ಯಾಕ್ ನಿಲ್ಲುತ್ತದೆ ಎಂಬುದು ಅದರ ಸಂಗೀತಗುಣಕ್ಕೆ ಸಾಕ್ಷಿ. ‘ಆರ್ಫಿಕ್ ಥ್ರೆಂಚ್’, ‘ಡಾರ್ಕ್ ಮೇಗಸ್’, ‘ಸ್ನಾರ್ಲಿಂಗ್ ಬ್ಲ್ಯಾಕ್ ಮೇಬಲ್’, ‘ಫ್ಲೂರೊ ನ್ಯೂರೊ ಸ್ಪಾಂಜ್’ ಕಪ್ಪು ಛಾಯೆಯವು. ‘ಶಮಾನಿಕ್ಸ್’ ಈ ಆಲ್ಬಮ್ಮಿನ ಶಿಖರ: ಪದರದ ಮೇಲೆ ಪದರ ಏರಿ, ಕೊನೆಯ ಭಾಗದಲ್ಲಿ ಮಧುರವಾದ ಸಾಲು ಮೇಲೆದ್ದು ಬರುವಾಗ ಅಷ್ಟು ಹೊತ್ತಿನ ಕಾಯುವಿಕೆ ಸಾರ್ಥಕವೆನಿಸುತ್ತದೆ. ಕೊನೆಯದಾದ ‘ಸಾಲ್ಸ್ಟಿಸ್’ನಲ್ಲಿ ಬಿರುಸು ಇಳಿದು ಮಾಧುರ್ಯ ಮುಂದೆ ಬರುತ್ತದೆ.

1996ರಲ್ಲಿ ಪೋಸ್ಫರ್ಡ್ ಪಾಲುದಾರರೊಂದಿಗೆ ಸ್ವಂತ ಪ್ರಕಾಶನ ಶುರುಮಾಡಿ ಅದಕ್ಕೂ ‘ಟ್ವಿಸ್ಟೆಡ್’ ಎಂದೇ ಹೆಸರಿಟ್ಟ. ಎರಡನೆಯ ಆಲ್ಬಂ ‘ದ ಲೋನ್ ಡಿರೇಂಜರ್’ 1997ರಲ್ಲಿ ಬಂತು. ಅಷ್ಟರಲ್ಲಿ ಕ್ವಿಂಟೆಸೆನ್ಸ್ ತಂಡದ ಹಿಂದಿನ ಕೊಳಲುವಾದಕ ರಾಜಾ ರಾಮ್ ಎಂಬ ಆಸ್ಟ್ರೇಲಿಯನ್ನನ ಜತೆ ‘ಶ್ಪಾಂಗಲ್’ ಕಟ್ಟಿದ್ದ. ಭಾರತದಲ್ಲಿ ಕಂಡ ಸೂರ್ಯಗ್ರಹಣ ಅದರ ಮೊದಲ ರಚನೆಗೆ ಪ್ರೇರಣೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಗೋವಾ ಟ್ರಾನ್ಸ್ ಹೆಸರಿನ ಅಗ್ಗದ ಸಂಕಲನಗಳು ಮಾರುಕಟ್ಟೆ ತುಂಬಿದವು, ಒಳ್ಳೆಯ ಪ್ರಕಾಶನಗಳು ಒಂದೊಂದಾಗಿ ಮುಚ್ಚಿದವು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ತಡೆ ಹಾಕಿದ್ದರಿಂದ ಬಯಲಿನಲ್ಲಿ ಇಡೀ ರಾತ್ರಿ ನುಡಿಸುವ ಹಳೆಯ ಪದ್ಧತಿಗೆ ದೊಡ್ಡ ಪೆಟ್ಟು ಬಿತ್ತು. ಊರವರ ದೂರಿನಲ್ಲಿ ನ್ಯಾಯವಿತ್ತು: ನಿದ್ದೆ ಕೆಡುತ್ತಿದ್ದದ್ದು ಅವರದು. ಈ ಸಂಗೀತ ರಚಿಸಿ ಪ್ರಕಟಿಸಿದವರು ಮಾತ್ರ ಹೆಚ್ಚಾಗಿ ಯುರೋಪ್, ಇಸ್ರೇಲ್, ಜಪಾನಿನವರು. ಗೋವಾದ ಗದ್ದಲ ಬೇಡವೆಂದ ಪ್ರವಾಸಿಗರು ಗೋಕರ್ಣದ ಕುಡ್ಲೆ, ಓಂ ಬೀಚುಗಳಿಗೆ, ಹಂಪಿಯ ಎದುರಿನ ವಿರೂಪಾಪುರ ಗಡ್ಡಿಗೆ ಬಂದರು. ಗಡ್ಡಿಯ ಆ ವಸತಿಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ 2020ರಲ್ಲಿ ಕೆಡವಲಾಯಿತು.

ನಂತರದ ಪೀಳಿಗೆ ಹಳೆಯ ನಾದಕ್ಕೆ ಮರಳಿದೆ. 2004ರಲ್ಲಿ ಶುರುವಾದ ಬೆಲ್ಜಿಯಂನ ಸನ್‌ಟ್ರಿಪ್ ರೆಕಾರ್ಡ್ಸ್ ತೊಂಬತ್ತರ ದಶಕದ ಶೈಲಿಯಲ್ಲೇ ಹೊಸ ರಚನೆಗಳನ್ನು ಪ್ರಕಟಿಸುತ್ತ ಬಂದಿದೆ. ಹ್ಯಾಲುಸಿನೋಜೆನ್ ರಚನೆಗಳನ್ನು ಆಟ್ ಎಂಬ ಇನ್ನೊಬ್ಬ ಬ್ರಿಟಿಷ್ ಕಲಾವಿದ ವಿಳಂಬ ಗತಿಗೆ ಇಳಿಸಿ ಮರುರೂಪಿಸಿದ ‘ಇನ್ ಡಬ್’ 2002ರಲ್ಲಿ ಬಂದಾಗ, ವೇಗವನ್ನು ಕಳಚಿದ ಮೇಲೂ ಆ ಸ್ವರಸಾಲುಗಳು ಕಳೆಗುಂದಿರಲಿಲ್ಲ. ಹ್ಯಾಲುಸಿನೋಜೆನ್ ಹೆಸರಿನಲ್ಲಿ ಪೋಸ್ಫರ್ಡ್ ಹೊರತಂದ ಪೂರ್ಣ ಪ್ರಮಾಣದ ಸ್ವಂತ ಆಲ್ಬಂಗಳು ಎರಡೇ: ಟ್ವಿಸ್ಟೆಡ್ ಮತ್ತು ದ ಲೋನ್ ಡಿರೇಂಜರ್.