ಡೇರೆಗಳ ನಡುವೆ ಹುಟ್ಟಿದ ಆಟ

ಆಫ್ಘಾನಿಸ್ಥಾನ ಎಂದೊಡನೆ ನನ್ನ ತಲೆಮಾರಿನ ಓದುಗರ ಮನಸ್ಸಿಗೆ ಬರುತ್ತಿದ್ದುದು ರವೀಂದ್ರನಾಥ ಠಾಕೂರರ ‘ಕಾಬೂಲಿವಾಲಾ’. ಊರಿನಲ್ಲಿ ಮಗಳನ್ನು ಬಿಟ್ಟು, ದ್ರಾಕ್ಷಿ ಬಾದಾಮಿಗಳನ್ನು ಹೊತ್ತು ಕಲ್ಕತ್ತೆಯ ಬೀದಿಗಳಲ್ಲಿ ಅಲೆಯುವ ಆ ಎತ್ತರದ ಮನುಷ್ಯನಿಂದಾಚೆಗೆ ಆ ದೇಶದ ವಿಷಯವಾಗಿ ನಮಗೆ ತಿಳಿದಿದ್ದುದು ಅಲ್ಪ. ಅನಂತರ ತಿಳಿದದ್ದೆಲ್ಲ ಯುದ್ಧದ ವಾರ್ತೆ. ಇಂದು ನಮ್ಮ ಬೀದಿಯ ಹುಡುಗರನ್ನು ಕೇಳಿದರೆ ಅವರು ಹೇಳುವ ಹೆಸರು ರಷೀದ್ ಖಾನ್. ನಾನು ಕ್ರಿಕೆಟ್ ಪಂಡಿತನಲ್ಲ. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು. ನನ್ನನ್ನು ಈ ಕಥೆ ಹಿಡಿದು ನಿಲ್ಲಿಸಿದ್ದು ಆಟದ ಸಲುವಾಗಿ ಅಲ್ಲ. ಒಂದು ನಾಡು ತನ್ನ ನೆಲದ ಹೊರಗೆ ನಿಂತು ತನ್ನನ್ನು ಹೇಗೆ ಕಟ್ಟಿಕೊಳ್ಳಬಲ್ಲುದು ಎಂಬ ಪ್ರಶ್ನೆಯ ಸಲುವಾಗಿ.

ಭಾರತಕ್ಕೆ, ವೆಸ್ಟ್ ಇಂಡೀಸಿಗೆ, ಸಿಂಹಳಕ್ಕೆ ಕ್ರಿಕೆಟ್ಟನ್ನು ತಂದವರು ಆಳಲು ಬಂದ ಆಂಗ್ಲರು. 1839ರಲ್ಲಿ ಕಾಬೂಲನ್ನು ಹಿಡಿದ ಬ್ರಿಟಿಷ್ ಸೈನಿಕರು ಅಲ್ಲಿಯೂ ಆಡಿದರೆಂದು ಹೇಳುತ್ತಾರೆ. ಆದರೆ ಆ ಸೈನ್ಯವೂ ಉಳಿಯಲಿಲ್ಲ, ಅದರ ಆಟವೂ ಬೇರೂರಲಿಲ್ಲ. ಆಫ್ಘನ್ನರಿಗೆ ಕ್ರಿಕೆಟ್ ದೊರೆತದ್ದು ದೊರೆಗಳಿಂದಲ್ಲ, ನಿರಾಶ್ರಿತರ ಡೇರೆಗಳಿಂದ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಆ ದೇಶವನ್ನು ಹೊಕ್ಕಿತು. ಮುಂದಿನ ದಶಕದಲ್ಲಿ ಗಡಿ ದಾಟಿ ಪಾಕಿಸ್ತಾನವನ್ನು ಸೇರಿದವರ ಸಂಖ್ಯೆ 30 ಲಕ್ಷವನ್ನು ಮೀರಿತು. ಪೆಶಾವರದ ಅಂಚಿನ ಕಚ್ಚಾ ಗಢಿಯಂತಹ ಶಿಬಿರಗಳಲ್ಲಿ ಬೆಳೆದ ಮಕ್ಕಳು ನೆರೆಯ ಹುಡುಗರನ್ನು ನೋಡಿ ನೋಡಿ ಈ ಆಟ ಕಲಿತರು. ಟೆನಿಸ್ ಚೆಂಡಿಗೆ ಎಲೆಕ್ಟ್ರಿಕ್ ಟೇಪು ಸುತ್ತಿದರೆ ಅದೇ ಕ್ರಿಕೆಟ್ ಚೆಂಡು. 1992ರಲ್ಲಿ ಇಮ್ರಾನ್ ಖಾನರ ಪಾಕಿಸ್ತಾನ ವಿಶ್ವಕಪ್ಪನ್ನು ಗೆದ್ದಾಗ ಆ ಶಿಬಿರಗಳಲ್ಲಿ ಆಟದ ಹುಚ್ಚು ಮತ್ತಷ್ಟು ಹಬ್ಬಿತು.

ಭಾರತದ ಕಥೆಯನ್ನು ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳ ಗಮನಕ್ಕೆ ತರುತ್ತಿದ್ದ ಒಂದು ಸಂಗತಿಯುಂಟು: ಅರ್ಜುನನಿಗೆ ಪಾಶುಪತಾಸ್ತ್ರ ದೊರೆತದ್ದು ಅರಮನೆಯಲ್ಲಲ್ಲ, ವನವಾಸದಲ್ಲಿ. ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಪಾಂಡವರಿಗೆ ಹದಿಮೂರು ವರ್ಷಗಳ ಗಡುವಿತ್ತು. ಕಚ್ಚಾ ಗಢಿಯ ಮಕ್ಕಳಿಗೆ ಯಾವ ಗಡುವೂ ಇರಲಿಲ್ಲ.

ಆ ಶಿಬಿರದಲ್ಲಿ ಬೆಳೆದ ತಾಜ್ ಮಲಿಕ್ ಎಂಬಾತ ಹುಡುಗರನ್ನು ಕೂಡಿಸಿ ತಂಡ ಕಟ್ಟಿದ. ಅವನ ತಮ್ಮಂದಿರಾದ ಕರೀಂ ಸಾದಿಕ್, ಹಸ್ತಿ ಗುಲ್ ಮುಂದೆ ದೇಶಕ್ಕಾಗಿ ಆಡಿದರು. 1995ರಲ್ಲಿ ಕ್ರಿಕೆಟ್ ಒಕ್ಕೂಟ ಸ್ಥಾಪನೆಯಾಯಿತು. ಆಟಪಾಟಗಳನ್ನು ಸಂಶಯದಿಂದ ಕಾಣುತ್ತಿದ್ದ ತಾಲಿಬಾನ್ ಸರ್ಕಾರ 2000ರಲ್ಲಿ ಕ್ರಿಕೆಟ್ಟಿಗೆ ಸಮ್ಮತಿಯಿತ್ತಿತು. 2001ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿ ಆಫ್ಘಾನಿಸ್ಥಾನಕ್ಕೆ ಕೆಳಹಂತದ ಸದಸ್ಯತ್ವ ನೀಡಿತು. ಕಾಬೂಲಿನ ಅಂದಿನ ಆಡಳಿತವನ್ನು ಮನ್ನಿಸಿದ್ದ ರಾಷ್ಟ್ರಗಳಾದರೋ ಮೂರೇ ಮೂರು. ಕ್ರಿಕೆಟ್ ಮಂಡಲಿ ಮನ್ನಿಸಿದ್ದು ಆಟಗಾರರನ್ನು. ಈ ಮಾತನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು, ಕೊನೆಯಲ್ಲಿ ಬೇಕಾಗುತ್ತದೆ.

ಏಣಿಯ ಕೆಳಗಿನ ಮೆಟ್ಟಿಲಿನಿಂದ ಅವರು ಹತ್ತಿದ ವೇಗ ಬೆರಗುಗೊಳಿಸುವಂಥದು. 2008ರ ಮೇ ತಿಂಗಳಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ದ್ವೀಪದಲ್ಲಿ ಐದನೆಯ ದರ್ಜೆಯ ಲೀಗನ್ನು ಗೆದ್ದರು. ಅದೇ ವರ್ಷ ತಾಂಜಾನಿಯದಲ್ಲಿ ನಾಲ್ಕನೆಯದು, 2009ರ ಜನವರಿಯಲ್ಲಿ ಅರ್ಜೆಂಟೀನದಲ್ಲಿ ಮೂರನೆಯದು. ಏಪ್ರಿಲಿನ ಹೊತ್ತಿಗೆ ಏಕದಿನ ಪಂದ್ಯಗಳ ಮಾನ್ಯತೆ. 2015ರ ಫೆಬ್ರವರಿ 26ರಂದು ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ, ವಿಶ್ವಕಪ್ಪಿನ ಪಂದ್ಯದಲ್ಲಿ, ಸ್ಕಾಟ್ಲೆಂಡಿನ 210 ರನ್ನುಗಳನ್ನು ಬೆನ್ನಟ್ಟುತ್ತ 97ಕ್ಕೆ 7 ವಿಕೆಟ್ಟು ಕಳೆದುಕೊಂಡರು. ಸಮೀಉಲ್ಲಾ ಶೆನ್ವಾರಿ 96 ರನ್ ಗಳಿಸಿ ಔಟಾದಾಗ ಉಳಿದಿದ್ದವರು ಇಬ್ಬರು ಎಸೆತಗಾರರು. ಮೂರು ಎಸೆತಗಳು ಬಾಕಿಯಿದ್ದಾಗ ಶಾಪೂರ್ ಝದ್ರಾನ್ ಚೆಂಡನ್ನು ಗೆರೆ ದಾಟಿಸಿದ. ನೀಳಕೂದಲನ್ನು ಹಾರಿಸುತ್ತ, ಕೈಚಾಚಿ ಓಡಿದ. ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ಸುಂದರ ಚಿತ್ರ ಆ ಓಟ.

2017ರ ಜೂನಿನಲ್ಲಿ ಐರ್ಲೆಂಡಿನ ಜೊತೆಗೆ ಪೂರ್ಣ ಸದಸ್ಯತ್ವ ದೊರೆತು, ಟೆಸ್ಟ್ ಆಡುವ ಅಧಿಕಾರ ಬಂತು. ಮೊದಲನೆಯ ಟೆಸ್ಟ್ ನಡೆದದ್ದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಅಂಗಣದಲ್ಲಿ, 2018ರ ಜೂನ್ 14ರಂದು. ಅದಕ್ಕೆ ಒಂದು ತಿಂಗಳು ಮೊದಲು ಜಲಾಲಾಬಾದಿನಲ್ಲಿ, ರಂಜಾನ್ ಮಾಸದ ರಾತ್ರಿಯ ಪಂದ್ಯವೊಂದರ ವೇಳೆ ಬಾಂಬು ಸಿಡಿದು ಎಂಟು ಮಂದಿ ಸತ್ತಿದ್ದರು. ಅಂಥ ನಾಡಿನಿಂದ ಬಂದ ಹನ್ನೊಂದು ಮಂದಿಗೆ ಕ್ರಿಕೆಟ್ ಕರುಣೆ ತೋರಲಿಲ್ಲ. ಶಿಖರ್ ಧವನ್ ಮಧ್ಯಾಹ್ನದ ಊಟಕ್ಕೆ ಮೊದಲೇ ಶತಕ ಬಾರಿಸಿದರು. ಭಾರತ 474. ಉತ್ತರವಾಗಿ ಆಫ್ಘನ್ನರು 109, ಮತ್ತೆ 103. ಇಪ್ಪತ್ತು ವಿಕೆಟ್ಟುಗಳು ಒಂದೇ ಹಗಲಿನಲ್ಲಿ ಉರುಳಿದವು. ಎರಡನೆಯ ದಿನದ ಸಂಜೆಗೆ ಎಲ್ಲ ಮುಗಿಯಿತು. ಆದರೆ ನಾಯಕ ಅಜಿಂಕ್ಯ ರಹಾನೆ ಟ್ರೋಫಿಯನ್ನು ಹಿಡಿದಾಗ ಸೋತವರನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಶಿಷ್ಟಾಚಾರವೆಂದು ಕೆಲವರು ಅದನ್ನು ಹಗುರಮಾಡಿದರು. ನಾನು ಹಾಗೆ ಎಣಿಸುವುದಿಲ್ಲ. ಮುಂದಿನ ವರ್ಷವೇ ಅವರು ಡೆಹ್ರಾಡೂನಿನಲ್ಲಿ ಐರ್ಲೆಂಡನ್ನೂ ಚಟ್ಟಗ್ರಾಮದಲ್ಲಿ ಬಾಂಗ್ಲಾದೇಶವನ್ನೂ ಟೆಸ್ಟಿನಲ್ಲಿ ಸೋಲಿಸಿದರು.

ಡೆಹ್ರಾಡೂನಿನ ಆ ಗೆಲುವು ಲೆಕ್ಕಕ್ಕೆ ‘ತವರಿನ’ ಗೆಲುವು. ಅತಿಥಿ ತಂಡಗಳು ಕಾಬೂಲಿಗೆ ಹೋಗಲಾರವು. ಆದುದರಿಂದ ಶಾರ್ಜಾ, ಗ್ರೇಟರ್ ನೊಯಿಡಾ, ಡೆಹ್ರಾಡೂನ್, ಲಖನೌ, ಹೀಗೆ ಪರರ ಅಂಗಣಗಳೇ ಅವರಿಗೆ ತವರು. ಬಾಡಿಗೆಯ ಮನೆಯಲ್ಲಿ ಹಬ್ಬ ಮಾಡಿದಂತೆ.

2023ರ ವಿಶ್ವಕಪ್ಪಿನಲ್ಲಿ ದೆಹಲಿಯಲ್ಲಿ ಇಂಗ್ಲೆಂಡನ್ನು ಮಣಿಸಿದ ತಂಡ, ಅಕ್ಟೋಬರ್ 23ರಂದು ಚೆನ್ನೈಯಲ್ಲಿ ಪಾಕಿಸ್ತಾನವನ್ನು ಎಂಟು ವಿಕೆಟ್ಟುಗಳಿಂದ ಸೋಲಿಸಿತು. ಆಗ ಪಾಕಿಸ್ತಾನ ಸರ್ಕಾರ ದಾಖಲೆಗಳಿಲ್ಲದ ಆಫ್ಘನ್ ನಿರಾಶ್ರಿತರನ್ನು ಹೊರಹಾಕಲು ತೊಡಗಿತ್ತು. 87 ರನ್ ಗಳಿಸಿದ ಇಬ್ರಾಹಿಂ ಝದ್ರಾನ್ ತನ್ನ ಪ್ರಶಸ್ತಿಯನ್ನು ಹಾಗೆ ಮರಳಿ ಕಳುಹಿಸಲ್ಪಡುತ್ತಿದ್ದವರಿಗೆ ಅರ್ಪಿಸಿದ. ಆಟ ಕಲಿಸಿದ ನೆಲವೂ ಅದೇ, ಹೊರದೂಡಿದ ನೆಲವೂ ಅದೇ. 2024ರ ಜೂನಿನಲ್ಲಿ ವೆಸ್ಟ್ ಇಂಡೀಸಿನಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿ ಟಿ-20 ವಿಶ್ವಕಪ್ಪಿನ ಉಪಾಂತ್ಯವನ್ನೂ ತಲುಪಿದರು.

ಈ ವೈಭವದ ಇನ್ನೊಂದು ಮಗ್ಗುಲನ್ನು ಹೇಳದೆ ಬಿಡಲಾಗದು. 2020ರ ನವೆಂಬರಿನಲ್ಲಿ ಆಫ್ಘನ್ ಮಂಡಲಿ 25 ಮಂದಿ ಮಹಿಳಾ ಆಟಗಾರ್ತಿಯರೊಡನೆ ಒಪ್ಪಂದ ಮಾಡಿಕೊಂಡಿತ್ತು. 2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿ ಅಧಿಕಾರಕ್ಕೆ ಬಂದಿತು. ಹೆಣ್ಣುಮಕ್ಕಳ ಪ್ರೌಢಶಾಲೆಗಳು ಮುಚ್ಚಿದವು, ಆಟವಂತೂ ಮಾತಿಗೇ ಇಲ್ಲ. ಆ ಆಟಗಾರ್ತಿಯರಲ್ಲಿ ಬಹುಮಂದಿ ಆಸ್ಟ್ರೇಲಿಯವನ್ನು ಸೇರಿದರು. ಈ ಕಾರಣದಿಂದ ಆಸ್ಟ್ರೇಲಿಯ ಪುರುಷರ ತಂಡದೊಡನೆ ನಡೆಯಬೇಕಿದ್ದ ಸರಣಿಗಳನ್ನು ಕೈಬಿಟ್ಟಿತು, ಅಂತರರಾಷ್ಟ್ರೀಯ ಮಂಡಲಿಯ ಪಂದ್ಯಾವಳಿಗಳಲ್ಲಿ ಮಾತ್ರ ಆಡಿತು. ಪುರುಷರ ತಂಡವನ್ನು ಬಹಿಷ್ಕರಿಸಬೇಕೆಂಬ ವಾದ ನನಗೆ ಒಪ್ಪಿಗೆಯಾಗಿಲ್ಲ. ಅದರಿಂದ ನೋಯುವವರು ಆಳುವವರಲ್ಲ. ಬೇರಾವ ಸಂತೋಷವೂ ಉಳಿಯದ ಜನ. ರಷೀದ್ ಖಾನ್, ಮೊಹಮ್ಮದ್ ನಬಿ ಇಬ್ಬರೂ ಹೆಣ್ಣುಮಕ್ಕಳ ವೈದ್ಯಕೀಯ ಶಿಕ್ಷಣದ ಪರವಾಗಿ 2024ರಲ್ಲಿ ಬಹಿರಂಗವಾಗಿಯೇ ದನಿಯೆತ್ತಿದರು. ಅವರ ಬಂಧುಬಳಗ ಎಲ್ಲಿದೆ ಎಂಬುದನ್ನು ನೆನೆದರೆ ಅದು ಸಣ್ಣ ಧೈರ್ಯವಲ್ಲ.

ಆದರೆ ಕ್ರಿಕೆಟ್ ಮಂಡಲಿಯನ್ನು ನಾನು ಒಂದು ಪ್ರಶ್ನೆ ಕೇಳಬಯಸುತ್ತೇನೆ. 2001ರಲ್ಲಿ ಶಿಬಿರಗಳ ಹುಡುಗರನ್ನು ಮನ್ನಿಸುವಾಗ ಕಾಬೂಲಿನ ಸರ್ಕಾರ ಎಂಥದೆಂದು ನೋಡಲಿಲ್ಲ. ಅದೇ ದೃಷ್ಟಿ ಈ ಹೆಣ್ಣುಮಕ್ಕಳಿಗೆ ಏಕೆ ಸಲ್ಲಬಾರದು? 2025ರ ಏಪ್ರಿಲಿನಲ್ಲಿ ಅವರಿಗಾಗಿ ಮಂಡಲಿ ಒಂದು ನಿಧಿಯನ್ನು ಘೋಷಿಸಿತು. ಸ್ವಾಗತಾರ್ಹವೇ, ಆದರೆ ನೆರವು ಒಂದು, ಮಾನ್ಯತೆ ಇನ್ನೊಂದು. ಅದಕ್ಕೂ ಮುಂಚೆ, ಅದೇ ವರ್ಷದ ಜನವರಿ 30ರಂದು, ಮೆಲ್ಬರ್ನಿನ ಜಂಕ್ಷನ್ ಓವಲ್ ಅಂಗಣದಲ್ಲಿ ಅವರು ಒಂದಾಗಿ ತಮ್ಮ ಮೊದಲ ಪಂದ್ಯವನ್ನಾಡಿದ್ದರು. ಮೂರು ವರ್ಷ ಕಾದು ದೊರೆತ ಆ ಒಂದು ದಿನದ ಆಟ ಅಂತರರಾಷ್ಟ್ರೀಯ ಕ್ರಿಕೆಟ್ಟಿನ ದಫ್ತರದಲ್ಲಿ ಎಣಿಕೆಗೆ ಬರಲಿಲ್ಲ.